ಹಳೆ ಪಿಕಪ್‌ನ ಕಾರ್ಬುರೇಟರ್ ತೆಗೆದು ಮನೆಯಲ್ಲೇ ಫ್ಯೂಯೆಲ್ ಇಂಜೆಕ್ಷನ್ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಕೇಳುವುದು ಇಸಿಯು ಬಗ್ಗೆ, ಅಂದರೆ ಎಷ್ಟು ಪೆಟ್ರೋಲ್ ಬಿಡಬೇಕೆಂದು ಲೆಕ್ಕ ಹಾಕುವ ಪುಟ್ಟ ಕಂಪ್ಯೂಟರ್ ಬಗ್ಗೆ. ಕೆಲಸ ಕೆಡುವುದು ಮಾತ್ರ ಹೆಚ್ಚಾಗಿ ಪೆಟ್ರೋಲ್ ಪೈಪಿನಲ್ಲಿ, ಅರ್ತ್ ವೈರಿನಲ್ಲಿ. ಅದಕ್ಕೇ ಆ ಎರಡಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ಆಗುತ್ತದೆ.

## ಶುರು ಮಾಡುವ ಮುಂಚೆ

ಕಾರ್ಬುರೇಟರ್ ಚೆನ್ನಾಗೇ ಓಡ್ತಿದೆ. ಸುಮ್ನೆ ಯಾಕೆ ಬದಲಾಯಿಸಬೇಕು?

ಚೆನ್ನಾಗಿ ಓಡುತ್ತಿದ್ದರೆ ಬದಲಾಯಿಸಲೇಬೇಕು ಅಂತೇನಿಲ್ಲ. ಇಂಜೆಕ್ಷನ್ನಿನ ಲಾಭ ಗೊತ್ತಾಗುವುದು ಕಾರ್ಬುರೇಟರ್ ಕೈಕೊಡುವ ಕಡೆ. ಚಳಿಯಲ್ಲಿ ಚೋಕ್ ಎಳೆದು ಕಾಯುವುದು ತಪ್ಪುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಕಾರ್ಬುರೇಟರ್‌ಗೆ ಅದು ತಿಳಿಯುವುದಿಲ್ಲ, ಮಿಕ್ಸ್ಚರ್ ರಿಚ್ ಆಗಿ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿಯಾಗಿ) ಎಂಜಿನ್ ಮಂಕಾಗುತ್ತದೆ. ಇಸಿಯು ಗಾಳಿಯ ಒತ್ತಡ ಅಳೆದು ಪೆಟ್ರೋಲ್ ಕಡಿಮೆ ಮಾಡುತ್ತದೆ. ಕಲ್ಲು ದಾರಿಯಲ್ಲಿ ಗಾಡಿ ವಾಲಿದಾಗ ಫ್ಲೋಟ್ ಬೌಲ್‌ನ (ಕಾರ್ಬುರೇಟರ್ ಒಳಗಿನ ಬಟ್ಟಲಿನ) ಪೆಟ್ರೋಲ್ ಒಂದು ಕಡೆ ಸರಿದು ಎಂಜಿನ್ ಉಸಿರುಗಟ್ಟುವುದೂ ನಿಲ್ಲುತ್ತದೆ. ಬಿಸಿ ಎಂಜಿನ್ನಿನ ವೇಪರ್ ಲಾಕ್ (ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟುವುದು) ಬಹುಪಾಲು ಹೋಗುತ್ತದೆ, ಯಾಕೆಂದರೆ ಒತ್ತಡದಲ್ಲಿರುವ ಪೆಟ್ರೋಲ್ ಅಷ್ಟು ಬೇಗ ಕುದಿಯುವುದಿಲ್ಲ.

ಇದರಲ್ಲಿ ಯಾವ ತೊಂದರೆಯೂ ನಿಮಗಿಲ್ಲದಿದ್ದರೆ ಕಾರ್ಬುರೇಟರನ್ನೇ ಒಮ್ಮೆ ಬಿಚ್ಚಿ ಓವರ್‌ಹಾಲ್ ಮಾಡಿ. ಅದರಲ್ಲೇ ಖುಷಿಯಾಗಿರಬಹುದು.

ಪವರ್ ಎಷ್ಟು ಜಾಸ್ತಿ ಆಗುತ್ತೆ? ಮೈಲೇಜ್?

ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಸಿಗುವ ಪವರ್ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿ ಬದಲಾಗದೆ ಪವರ್ ಹೆಚ್ಚುವುದಿಲ್ಲ ಅಲ್ವಾ. ಬದಲಾಗುವುದು ಅರ್ಧ ಎಕ್ಸಲರೇಟರ್‌ನಲ್ಲಿ ಓಡಿಸುವಾಗಿನ ನಯ. ಮೈಲೇಜ್ ನಿಮ್ಮ ಹಳೆ ಕಾರ್ಬುರೇಟರ್ ಎಷ್ಟು ರಿಚ್ ಆಗಿತ್ತು ಅನ್ನುವುದರ ಮೇಲೆ ಹೋಗುತ್ತದೆ. ಇಳಿಜಾರಿನಲ್ಲಿ ಎಕ್ಸಲರೇಟರ್ ಬಿಟ್ಟಾಗ ಇಸಿಯು ಪೆಟ್ರೋಲ್ ಪೂರ್ತಿ ನಿಲ್ಲಿಸಬಲ್ಲದು, ಅದೊಂದು ಉಳಿತಾಯ. ಆದರೆ ಬರೀ ಮೈಲೇಜಿಗಾಗಿ ಈ ಕೆಲಸ ಮಾಡಬೇಡಿ.

ನನ್ನದು ಡೀಸೆಲ್ ಪಿಕಪ್. ಇದೇ ಕೆಲಸ ಮಾಡಬಹುದಾ?

ಇಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಮೊದಲಿನಿಂದಲೂ ಇಂಜೆಕ್ಷನ್ನೇ ಇರುವುದು. ಅದರ ಪಂಪ್, ಒತ್ತಡ ಎಲ್ಲವೂ ಬೇರೆ. ಇಲ್ಲಿನ ಯಾವ ಅಂಕಿಯೂ ಅದಕ್ಕೆ ಹೊಂದುವುದಿಲ್ಲ.

ಎಂಜಿನ್ ಹಳೇದು, ಸ್ವಲ್ಪ ಮಿಸ್ಸಿಂಗ್ ಇದೆ. ಇಂಜೆಕ್ಷನ್ ಹಾಕಿದ್ರೆ ಸರಿ ಹೋಗುತ್ತಾ?

ಸರಿ ಹೋಗುವುದಿಲ್ಲ, ಇನ್ನೂ ಹೆಚ್ಚುತ್ತದೆ. ಇಂಜೆಕ್ಷನ್ ಸೆನ್ಸರ್‌ಗಳನ್ನು ನಂಬಿ ನಡೆಯುತ್ತದೆ. ಎಂಜಿನ್ನಿನಲ್ಲಿ ದೋಷ ಇದ್ದರೆ ಸೆನ್ಸರ್ ಸುಳ್ಳು ಹೇಳುತ್ತದೆ. ಉದಾಹರಣೆಗೆ ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ ಅದರ ಗಾಳಿ ಹಾಗೇ ಸೈಲೆನ್ಸರ್ ಕಡೆ ಹೋಗುತ್ತದೆ. ಆಕ್ಸಿಜನ್ ಸೆನ್ಸರ್‌ಗೆ ಅದು ಪೆಟ್ರೋಲ್ ಕಮ್ಮಿ ಇದ್ದಂತೆ ಕಾಣುತ್ತದೆ. ಇಸಿಯು ಎಲ್ಲಾ ಸಿಲಿಂಡರ್‌ಗೂ ಪೆಟ್ರೋಲ್ ಜಾಸ್ತಿ ಮಾಡುತ್ತದೆ, ಚೆನ್ನಾಗಿದ್ದ ಪ್ಲಗ್‌ಗಳೂ ಕಪ್ಪಾಗುತ್ತವೆ.

ಆದ್ದರಿಂದ ಮೊದಲು ಕಂಪ್ರೆಷನ್ ನೋಡಿ. ಅತಿ ಕಡಿಮೆ ಬಂದ ಸಿಲಿಂಡರ್, ಅತಿ ಹೆಚ್ಚು ಬಂದದ್ದರ ಮುಕ್ಕಾಲು ಭಾಗಕ್ಕಿಂತ ಕೆಳಗಿರಬಾರದು. ಆಮೇಲೆ ವ್ಯಾಕ್ಯೂಮ್ ಗೇಜ್ ಹಾಕಿ. ಮಾಮೂಲಿ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಇರುವ ಒಳ್ಳೆ ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿದ್ದಾಗ ಸಮುದ್ರ ಮಟ್ಟದಲ್ಲಿ 17ರಿಂದ 21 ಇಂಚು ತೋರಿಸುತ್ತದೆ, ಮುಳ್ಳು ಅಲ್ಲಾಡುವುದಿಲ್ಲ. ವಾಲ್ವ್ ಕ್ಲಿಯರೆನ್ಸ್, ಪ್ಲಗ್, ಪ್ಲಗ್ ವೈರ್, ಟೈಮಿಂಗ್ ಎಲ್ಲವನ್ನೂ ಕಾರ್ಬುರೇಟರ್ ಇರುವಾಗಲೇ ಸರಿ ಮಾಡಿಕೊಳ್ಳಿ.

ಇದಕ್ಕೆ ಕಾನೂನಿನ ತೊಡಕು ಇದೆಯಾ?

ಒಂದೊಂದು ಕಡೆ ಒಂದೊಂದು ನಿಯಮ. ಕೆಲವು ಕಡೆ ಎಂಜಿನ್ನಿಗೆ ಪೆಟ್ರೋಲ್ ಹೋಗುವ ವ್ಯವಸ್ಥೆ ಬದಲಾಯಿಸಲು ಅನುಮೋದನೆ ಬೇಕು. ಸಾಮಾನು ತರುವ ಮುಂಚೆ ನಿಮ್ಮ ಸಾರಿಗೆ ಇಲಾಖೆಯಲ್ಲಿ ವಿಚಾರಿಸಿ. ಗಾಡಿಯಲ್ಲಿ ಬಂದಿರುವ, ಪೆಟ್ರೋಲ್ ಆವಿ ಹಿಡಿಯುವ ಚಾರ್ಕೋಲ್ ಡಬ್ಬಿ, ಕೆಟಲಿಟಿಕ್ ಕನ್ವರ್ಟರ್ ಯಾವುದನ್ನೂ ಕಿತ್ತು ಎಸೆಯಬೇಡಿ. ಇಂಜೆಕ್ಷನ್ ಜೊತೆ ಅವು ಆರಾಮಾಗಿ ಕೆಲಸ ಮಾಡುತ್ತವೆ.

ಏನೇನು ಟೂಲ್ಸ್ ಬೇಕು? ಎಷ್ಟು ದಿನ ಹಿಡಿಯುತ್ತೆ?

ಮಾಮೂಲಿ ಸ್ಪ್ಯಾನರ್ ಸೆಟ್ ಬಿಟ್ಟು ಇನ್ನು ನಾಲ್ಕು ಬೇಕೇ ಬೇಕು: ಮಲ್ಟಿಮೀಟರ್, ಫ್ಯೂಯೆಲ್ ಪ್ರೆಷರ್ ಗೇಜ್, ಟೈಮಿಂಗ್ ಲೈಟ್, ಒಳ್ಳೆ ಕ್ರಿಂಪಿಂಗ್ ಪ್ಲೈಯರ್. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತೆ ಇರಲಿ. ಥ್ರಾಟಲ್ ಬಾಡಿಯನ್ನು (ಎಂಜಿನ್ನಿಗೆ ಗಾಳಿ ಬಿಡುವ ಕವಾಟದ ಮನೆ) ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಮೇಲೆ ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ. ಟ್ಯಾಂಕ್, ಪೈಪು, ವೈರಿಂಗ್ ಸೇರಿದರೆ ಹಲವು ವಾರಾಂತ್ಯ ಬೇಕು. ಟ್ಯೂನಿಂಗ್ ಅದರ ಮೇಲೆ. ದಿನಾ ಓಡಾಡಲು ಬೇರೆ ಗಾಡಿ ಇಲ್ಲದಿದ್ದರೆ ಶುರು ಮಾಡುವ ಮುಂಚೆ ಯೋಚಿಸಿ. ಆತುರದಲ್ಲಿ ಮಾಡಿದ ಪೆಟ್ರೋಲ್ ಜಾಯಿಂಟ್ ಅಪಾಯ.

## ಯಾವ ಸಿಸ್ಟಮ್, ಯಾವ ಸಾಮಾನು

ಥ್ರಾಟಲ್ ಬಾಡಿ ಇಂಜೆಕ್ಷನ್ ಒಳ್ಳೇದಾ, ಪೋರ್ಟ್ ಇಂಜೆಕ್ಷನ್ ಒಳ್ಳೇದಾ?

ಥ್ರಾಟಲ್ ಬಾಡಿಯದ್ದು ಕಾರ್ಬುರೇಟರ್ ಇದ್ದ ಜಾಗದಲ್ಲೇ ಕೂರುತ್ತದೆ. ಅಲ್ಲಿಂದಲೇ ಎಲ್ಲಾ ಸಿಲಿಂಡರ್‌ಗೂ ಪೆಟ್ರೋಲ್ ಸಿಂಪಡಿಸುತ್ತದೆ. ಹಳೆ ಮ್ಯಾನಿಫೋಲ್ಡೇ ಸಾಕು, ಏರ್ ಕ್ಲೀನರ್ ಕೂಡ ಎಷ್ಟೋ ಸಲ ಹಾಗೇ ಹೊಂದುತ್ತದೆ. ಪೋರ್ಟ್ ಇಂಜೆಕ್ಷನ್ನಿನಲ್ಲಿ ಒಂದೊಂದು ಸಿಲಿಂಡರ್‌ನ ವಾಲ್ವ್ ಹತ್ತಿರ ಒಂದೊಂದು ಇಂಜೆಕ್ಟರ್. ಹಂಚಿಕೆ ಸಮನಾಗಿರುತ್ತದೆ, ತಣ್ಣಗಿದ್ದಾಗಲೂ ಚೆನ್ನಾಗಿ ಓಡುತ್ತದೆ. ಆದರೆ ಬೇರೆ ಮ್ಯಾನಿಫೋಲ್ಡ್, ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಫ್ಯೂಯೆಲ್ ರೈಲ್ ಬೇಕು. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಥ್ರಾಟಲ್ ಬಾಡಿ.

ಅದರಲ್ಲೊಂದು ಎಚ್ಚರಿಕೆ. ಪೆಟ್ರೋಲ್ ಮ್ಯಾನಿಫೋಲ್ಡ್ ಉದ್ದಕ್ಕೂ ಒದ್ದೆಯಾಗಿ ಹೋಗುವುದರಿಂದ ಮ್ಯಾನಿಫೋಲ್ಡ್ ಬಿಸಿ ಇರಬೇಕು. ಕೆಳಗಿನಿಂದ ಸೈಲೆನ್ಸರ್ ಬಿಸಿ ಅಥವಾ ಕೂಲಂಟ್ ಬಿಸಿ ಬರುವ ದಾರಿಯನ್ನು ಮುಚ್ಚಬೇಡಿ. ಮುಚ್ಚಿದರೆ ಪೆಟ್ರೋಲ್ ಗೋಡೆಗೆ ಅಂಟಿಕೊಂಡು ತಣ್ಣಗಿನ ಎಂಜಿನ್ ತಡವರಿಸುತ್ತದೆ.

ಗುಜರಿಯಿಂದ ಇಂಜೆಕ್ಷನ್ ಇರೋ ಗಾಡಿಯ ಸಾಮಾನು ತಂದು ಹಾಕಬಹುದಾ?

ಖಂಡಿತ. ನಿಮ್ಮ ಎಂಜಿನ್ನಿನ ಕುಟುಂಬದಲ್ಲೇ ಮುಂದೆ ಇಂಜೆಕ್ಷನ್ ಬಂದಿದ್ದರೆ ಅದೇ ಒಳ್ಳೆ ದಾರಿ. ಫೋರ್ಡ್‌ನ 4.9 ಲೀಟರ್ ಆರು ಸಿಲಿಂಡರ್ ಎಂಜಿನ್ ಪಿಕಪ್‌ಗಳಲ್ಲಿ 1987ಕ್ಕೆ ಇಂಜೆಕ್ಷನ್ ಆಯಿತು. ಟೊಯೋಟಾದ 22ಆರ್ ಎಂಜಿನ್ನಿಗೆ 22ಆರ್‌ಇ ಅನ್ನುವ ಇಂಜೆಕ್ಷನ್ ಜೋಡಿ ಇದೆ. ಷೆವ್ರೊಲೆಯ 5.7 ಲೀಟರ್ ವಿ8 ಪಿಕಪ್‌ಗಳಿಗೆ 1987ರಲ್ಲಿ ಥ್ರಾಟಲ್ ಬಾಡಿ ಬಂತು.

ಸಣ್ಣ ವ್ಯತ್ಯಾಸಗಳನ್ನು ಮಾತ್ರ ಮೊದಲೇ ತಿಳಿದುಕೊಳ್ಳಿ. ಷೆವ್ರೊಲೆಯದ್ದನ್ನೇ ನೋಡಿ. 1987ರ ನಂತರದ ಕಬ್ಬಿಣದ ಹೆಡ್‌ಗಳಲ್ಲಿ ಮ್ಯಾನಿಫೋಲ್ಡ್‌ನ ಮಧ್ಯದ ಬೋಲ್ಟ್‌ಗಳು ಬೇರೆ ಕೋನದಲ್ಲಿ ಕೂರುತ್ತವೆ. ಆ ಮ್ಯಾನಿಫೋಲ್ಡ್ ಹಳೆ ಹೆಡ್ ಮೇಲೆ ನೇರ ಹೊಂದುವುದಿಲ್ಲ. ಆಗ ಹಳೆ ಮ್ಯಾನಿಫೋಲ್ಡ್ ಉಳಿಸಿಕೊಂಡು ಅಡಾಪ್ಟರ್ ಪ್ಲೇಟ್ ಹಾಕಬೇಕು.

ಸಾಮಾನು ಬಿಚ್ಚಿಕೊಳ್ಳುವಾಗ ವೈರಿಂಗ್ ಕತ್ತರಿಸಬೇಡಿ. ಪೂರ್ತಿ ಹಾರ್ನೆಸ್ಸು, ಇಸಿಯು, ರಿಲೇಗಳು, ಎಲ್ಲಾ ಸೆನ್ಸರ್, ಟ್ಯಾಂಕಿನ ಪಂಪ್ ಜೋಡಣೆ ಇವೆಲ್ಲ ಒಂದೇ ಗಾಡಿಯಿಂದ ಬರಲಿ. ಇಂಜೆಕ್ಟರ್‌ಗಳನ್ನು ತೊಳೆಸಿ, ರಬ್ಬರ್ ರಿಂಗ್‌ಗಳನ್ನು ಹೊಸದು ಹಾಕಿ.

ಇಸಿಯು ಯಾವುದು ತಗೊಳ್ಳಲಿ?

ಮೂರು ದಾರಿ ಇವೆ. ಕಂಪನಿ ಗಾಡಿಯ ಇಸಿಯು ತುಂಬಾ ಗಟ್ಟಿ, ಆದರೆ ಅದರೊಳಗಿನ ಅಂಕಿಗಳನ್ನು ಬದಲಾಯಿಸುವುದು ಕಷ್ಟ. ಎಂಜಿನ್ ಮೂಲದಂತೆಯೇ ಇದ್ದರೆ ಅದೇ ಸಾಕು. ತಾನೇ ಕಲಿಯುವ ಥ್ರಾಟಲ್ ಬಾಡಿ ಕಿಟ್‌ಗಳಲ್ಲಿ ಇಸಿಯು ಒಳಗೇ ಇರುತ್ತದೆ, ವೈರ್ ಕಡಿಮೆ. ಮೂರನೆಯದು ನಾವೇ ಟ್ಯೂನ್ ಮಾಡುವ ಇಸಿಯು. ಮೆಗಾಸ್ಕ್ವರ್ಟ್ 2001ರ ಹೊತ್ತಿಗೆ ಶುರುವಾದದ್ದು, ಮನೆಯಲ್ಲಿ ಬೆಸುಗೆ ಹಾಕಿ ಕಟ್ಟಿಕೊಳ್ಳುವವರಿಗಾಗಿಯೇ ಹುಟ್ಟಿದ್ದು. ಸ್ಪೀಡುಯಿನೊ ಆರ್ಡುಯಿನೊ ಬೋರ್ಡ್ ಮೇಲೆ ನಿಂತಿದೆ. ಕಲಿಯುವ ಆಸೆ ಇದ್ದರೆ ಈ ಮೂರನೆಯದೇ ಹಿಡಿಯಿರಿ. ಇಂಥ ಒಂದು ಎಂಜಿನ್ ಟ್ಯೂನ್ ಮಾಡಿದವರಿಗೆ ಆಮೇಲೆ ಯಾವ ಎಂಜಿನ್ನೂ ಭಯ ಹುಟ್ಟಿಸುವುದಿಲ್ಲ.

ಇಂಜೆಕ್ಟರ್ ಸೈಜ್ ಹೇಗೆ ಲೆಕ್ಕ ಹಾಕೋದು?

ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಸುಮಾರು ಅರ್ಧ ಪೌಂಡ್ ಪೆಟ್ರೋಲ್ ಅಂತ ಇಟ್ಟುಕೊಳ್ಳಿ. 180 ಹಾರ್ಸ್‌ಪವರ್ ಎಂಜಿನ್ನಿಗೆ 90 ಪೌಂಡ್ ಬೇಕು. ಆರು ಇಂಜೆಕ್ಟರ್ ಇದ್ದರೆ ತಲಾ 15. ಇಂಜೆಕ್ಟರ್ ಸಮಯದ ಶೇಕಡಾ 80ಕ್ಕಿಂತ ಹೆಚ್ಚು ತೆರೆದಿರಬಾರದು, ಹಾಗಾಗಿ 15ನ್ನು 0.8ರಿಂದ ಭಾಗಿಸಿ. ಸುಮಾರು 19 ಪೌಂಡ್ ಬಂತು, ಅಂದರೆ ನಿಮಿಷಕ್ಕೆ ಸುಮಾರು 200 ಸಿಸಿ.

ದೊಡ್ಡದಿದ್ದರೆ ಒಳ್ಳೆಯದು ಅಂದುಕೊಳ್ಳಬೇಡಿ. ತೀರಾ ದೊಡ್ಡ ಇಂಜೆಕ್ಟರ್ ಐಡ್ಲಿಂಗ್‌ನಲ್ಲಿ ಕಣ್ಣು ಮಿಟುಕಿಸುವಷ್ಟೂ ಹೊತ್ತು ತೆರೆಯಲಾಗದೆ ಅಳತೆ ತಪ್ಪುತ್ತದೆ. ಒತ್ತಡ ಬದಲಾದರೂ ಹರಿವು ಬದಲಾಗುತ್ತದೆ. 43.5 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ಬದಲು 58 ಕೊಟ್ಟರೆ ಅದೇ ಇಂಜೆಕ್ಟರ್ ಶೇಕಡಾ 15ರಷ್ಟು ಜಾಸ್ತಿ ಕೊಡುತ್ತದೆ.

## ಪೆಟ್ರೋಲ್ ಸಪ್ಲೈ

ಎಂಜಿನ್ ಮೇಲಿರೋ ಹಳೆ ಪಂಪನ್ನೇ ಇಟ್ಟುಕೊಳ್ಳಬಹುದಾ?

ಆಗುವುದಿಲ್ಲ. ಆ ಪಂಪ್ ಕೊಡುವುದು 4ರಿಂದ 7 ಪಿಎಸ್‌ಐ. ಜನರಲ್ ಮೋಟರ್ಸ್‌ನ ಹಳೆ ಥ್ರಾಟಲ್ ಬಾಡಿಗೆ 9ರಿಂದ 13 ಬೇಕು. ಪೋರ್ಟ್ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ 43 ಆಸುಪಾಸು, ಈಗಿನ ಕಿಟ್‌ಗಳಲ್ಲಿ 58ರವರೆಗೂ ಇರುತ್ತದೆ. ಎಲೆಕ್ಟ್ರಿಕ್ ಪಂಪೇ ಬೇಕು. ಹಳೆ ಪಂಪ್ ತೆಗೆದ ಜಾಗಕ್ಕೆ ಪ್ಲೇಟ್ ಮತ್ತು ಗ್ಯಾಸ್ಕೆಟ್ ಹಾಕಿ ಮುಚ್ಚಿ, ಇಲ್ಲದಿದ್ದರೆ ಎಂಜಿನ್ ಆಯಿಲ್ ಹೊರಗೆ ಬರುತ್ತದೆ.

ಪಂಪ್ ಅಗತ್ಯಕ್ಕಿಂತ ಬಹಳ ದೊಡ್ಡದೂ ಬೇಡ. 180 ಹಾರ್ಸ್‌ಪವರ್ ಎಂಜಿನ್ ಪೂರ್ತಿ ಶಕ್ತಿಯಲ್ಲಿ ಗಂಟೆಗೆ ಕುಡಿಯುವುದು 55 ಲೀಟರ್ ಆಸುಪಾಸು. 255 ಲೀಟರ್ ಪಂಪ್ ಹಾಕಿದರೆ ಉಳಿದದ್ದೆಲ್ಲ ಎಂಜಿನ್ ಬಿಸಿ ಹೊತ್ತುಕೊಂಡು ಟ್ಯಾಂಕಿಗೆ ಸುತ್ತುತ್ತಲೇ ಇರುತ್ತದೆ, ಬೇಸಿಗೆಯಲ್ಲಿ ಟ್ಯಾಂಕಿನ ಪೆಟ್ರೋಲ್ ಕಾಯುತ್ತದೆ.

ಪಂಪ್ ಟ್ಯಾಂಕ್ ಒಳಗೆ ಇಡಬೇಕಾ, ಹೊರಗೆ ಚಾಸಿಸ್‌ಗೆ ಕಟ್ಟಿದ್ರೆ ಸಾಕಾ?

ಒಳಗೇ ಇಡಿ. ಈ ಪಂಪ್‌ಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಬಹಳ ದುರ್ಬಲ. ಎಳೆಯುವ ಕಡೆ ಸ್ವಲ್ಪ ಅಡ್ಡಿಯಾದರೂ ಬಿಸಿ ಪೆಟ್ರೋಲ್ ಪಂಪಿನ ಬಾಯಲ್ಲೇ ಆವಿಯಾಗುತ್ತದೆ. ಪಂಪ್ ಕಿರುಚುತ್ತದೆ, ಪ್ರೆಷರ್ ಬೀಳುತ್ತದೆ, ಬೇಗ ಸಾಯುತ್ತದೆ. ಟ್ಯಾಂಕ್ ಒಳಗಿದ್ದರೆ ಪೆಟ್ರೋಲ್ ಅದನ್ನು ತಣ್ಣಗಿಡುತ್ತದೆ, ಸದ್ದೂ ಕೇಳಿಸುವುದಿಲ್ಲ. ಎಷ್ಟೋ ಪಿಕಪ್‌ಗಳಿಗೆ ಮುಂದಿನ ವರ್ಷಗಳ ಇಂಜೆಕ್ಷನ್ ಟ್ಯಾಂಕೇ ನೇರ ಕೂರುತ್ತದೆ, ಅದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಹೊರಗೇ ಇಡಬೇಕಾದ ಪರಿಸ್ಥಿತಿ ಇದ್ದರೆ ಟ್ಯಾಂಕಿನ ತಳಕ್ಕಿಂತ ಕೆಳಗೆ, ಟ್ಯಾಂಕಿಗೆ ಅಂಟಿಕೊಂಡಂತೆ ಇಡಿ. ಎಂಜಿನ್ ಹತ್ತಿರ ಇಡಬೇಡಿ. ಪಂಪಿಗೆ ಮುಂಚೆ 100 ಮೈಕ್ರಾನ್‌ನ ದಪ್ಪ ಜಾಲರಿ ಫಿಲ್ಟರ್, ಪಂಪ್ ಆದ ಮೇಲೆ 10 ಮೈಕ್ರಾನ್‌ನ ಫಿಲ್ಟರ್. ಇದನ್ನು ಅದಲು ಬದಲು ಮಾಡಿದರೆ ನಯ ಫಿಲ್ಟರ್ ಪಂಪಿನ ಬಾಯಿ ಕಟ್ಟುತ್ತದೆ.

ರಿಟರ್ನ್ ಲೈನ್ ಬೇಕೇ ಬೇಕಾ?

ಬಹುತೇಕ ಮನೆ ಕೆಲಸಗಳಲ್ಲಿ ಬೇಕು. ಪಂಪ್ ಯಾವಾಗಲೂ ಪೂರ್ತಿ ಓಡುತ್ತದೆ. ಎಂಜಿನ್ ಬಳಸದೆ ಉಳಿದದ್ದನ್ನು ಪ್ರೆಷರ್ ಹಿಡಿತದಲ್ಲಿಡುವ ರೆಗ್ಯುಲೇಟರ್ ವಾಪಸ್ ಬಿಡಬೇಕು, ಅದು ಟ್ಯಾಂಕಿಗೇ ಹೋಗಬೇಕು. ರಿಟರ್ನ್ ಪೈಪ್ ಸಣ್ಣದಾದರೆ ಪ್ರೆಷರ್ ಏರಿಯೇ ಇರುತ್ತದೆ, ರೆಗ್ಯುಲೇಟರ್ ಎಷ್ಟು ತಿರುಗಿಸಿದರೂ ಇಳಿಯುವುದಿಲ್ಲ. ಹಳೆ ಗಾಡಿಗಳಲ್ಲಿರುವ ಸಪೂರ ಆವಿ ಪೈಪನ್ನು ರಿಟರ್ನ್ ಆಗಿ ಬಳಸಿದವರಿಗೆ ಆಗುವುದು ಇದೇ. ಪಂಪಿನ ಪಕ್ಕದಲ್ಲೇ ರೆಗ್ಯುಲೇಟರ್ ಇಟ್ಟರೆ ರಿಟರ್ನ್ ಪೈಪ್ ಒಂದು ಗೇಣಿನಷ್ಟು ಸಾಕು, ಎಂಜಿನ್ನಿಗೆ ಒಂದೇ ಪೈಪ್.

ಹಳೆ ರಬ್ಬರ್ ಪೈಪ್, ಮಾಮೂಲಿ ಕ್ಲಿಪ್ ಸಾಕಾಗಲ್ವಾ?

ಖಂಡಿತ ಸಾಲದು. ಕಾರ್ಬುರೇಟರ್ ಪೈಪ್ ಸೋರಿದರೆ ತೊಟ್ಟಿಕ್ಕುತ್ತದೆ. ಇಂಜೆಕ್ಷನ್ ಪೈಪ್ ಸೋರಿದರೆ ಮಂಜಿನಂತೆ ಚಿಮ್ಮುತ್ತದೆ, ಅದು ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ ಗಾಡಿ ಉಳಿಯುವುದಿಲ್ಲ. ಪೈಪಿನ ಮೈಮೇಲೆ 30ಆರ್9 ಅಂತ ಅಚ್ಚಾಗಿರಬೇಕು, ಅದು ಇಂಜೆಕ್ಷನ್ ಒತ್ತಡದ್ದು. 30ಆರ್7 ಅಂತಿದ್ದರೆ ಕಾರ್ಬುರೇಟರ್‌ನದ್ದು. ಟ್ಯಾಂಕ್ ಒಳಗೆ ಪೆಟ್ರೋಲ್‌ನಲ್ಲಿ ಮುಳುಗಿರುವ ತುಂಡಿಗೆ 30ಆರ್10 ಬೇಕು. ಬೇರೆಯದ್ದು ಹಾಕಿದರೆ ಹೊರಮೈ ಕರಗಿ ಫಿಲ್ಟರ್ ತುಂಬುತ್ತದೆ. ಗೀರು ಕೊರೆದ ಸ್ಕ್ರೂ ಕ್ಲಿಪ್ ರಬ್ಬರನ್ನು ಕತ್ತರಿಸುತ್ತದೆ, ಒಳಮೈ ನುಣುಪಾಗಿರುವ ಇಂಜೆಕ್ಷನ್ ಕ್ಲಿಪ್ ಹಾಕಿ. ಉದ್ದದ ದಾರಿಗೆಲ್ಲ ಸ್ಟೀಲ್ ಪೈಪ್, ರಬ್ಬರ್ ಜೋಡಣೆಗಷ್ಟೇ.

ಟ್ಯಾಂಕ್ ಕಾಲು ಭಾಗಕ್ಕೆ ಬಂದ್ರೆ ತಿರುವಿನಲ್ಲಿ ಎಂಜಿನ್ ಆಫ್ ಆಗುತ್ತೆ. ಯಾಕೆ?

ಪೆಟ್ರೋಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತಿದೆ. ಕಾರ್ಬುರೇಟರ್ ಇದ್ದಾಗ ಫ್ಲೋಟ್ ಬೌಲ್‌ನ ದಾಸ್ತಾನು ಈ ಒಂದೆರಡು ಕ್ಷಣ ದಾಟಿಸುತ್ತಿತ್ತು. ಇಂಜೆಕ್ಷನ್ನಿಗೆ ದಾಸ್ತಾನು ಇಲ್ಲ. ಪಂಪ್ ಸುತ್ತ ಪೆಟ್ರೋಲ್ ಹಿಡಿದಿಡುವ ಬಟ್ಟಲು ಅಥವಾ ತಡೆಗೋಡೆ ಇರುವ ಟ್ಯಾಂಕ್ ಬೇಕು. ಇಲ್ಲವಾದರೆ ಒಂದು ಲೀಟರ್ ಹಿಡಿಯುವ ಸರ್ಜ್ ಟ್ಯಾಂಕ್ ಹಾಕಿ. ಕಡಿಮೆ ಪ್ರೆಷರ್‌ನ ಇನ್ನೊಂದು ಪಂಪ್ ಅದನ್ನು ತುಂಬುತ್ತಿರಲಿ, ಹೈ ಪ್ರೆಷರ್ ಪಂಪ್ ಅದರಿಂದ ಎಳೆಯಲಿ.

ಟ್ಯಾಂಕಿಗೆ ಬೆಸುಗೆ ಹಾಕಿ ರಿಟರ್ನ್ ನಿಪ್ಪಲ್ ಕೂರಿಸಬಹುದಾ?

ಮನೆಯಲ್ಲಿ ಬೇಡವೇ ಬೇಡ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಆವಿ ತುಂಬಿರುತ್ತದೆ. ನೀರಲ್ಲಿ ತೊಳೆದರೂ ಸಂದುಗಳಲ್ಲಿ ಪೆಟ್ರೋಲ್ ಉಳಿಯುತ್ತದೆ. ಗೇಜ್ ಕೂರುವ ಮುಚ್ಚಳವನ್ನು ಬಿಚ್ಚಿ ಟ್ಯಾಂಕಿನಿಂದ ದೂರ ತಂದು, ಆ ಮುಚ್ಚಳದಲ್ಲೇ ರಿಟರ್ನ್ ನಿಪ್ಪಲ್ ಕೂರಿಸಬಹುದು. ಟ್ಯಾಂಕ್ ಇಳಿಸುವ ಮುಂಚೆ ಬ್ಯಾಟರಿ ಬಿಚ್ಚಿ. ಬಾಗಿಲು ತೆರೆದಿರಲಿ, ಹತ್ತಿರ ಹೀಟರ್, ಬಲ್ಬ್, ಗ್ರೈಂಡರ್ ಏನೂ ಇರಬಾರದು.

## ವೈರಿಂಗ್ ಮತ್ತು ಸೆನ್ಸರ್

ನನಗೆ ವೈರಿಂಗ್ ಅಷ್ಟಾಗಿ ಬರಲ್ಲ. ಎಲ್ಲಿ ತಪ್ಪು ಆಗುತ್ತೆ?

ಅರ್ತ್‌ನಲ್ಲಿ. ಇಸಿಯುಗೆ ಪವರ್ ಮತ್ತು ಅರ್ತ್ ಎರಡೂ ಬ್ಯಾಟರಿಯಿಂದಲೇ ನೇರ ಬರಬೇಕು. ಸಿಕ್ಕಿದ ಬೋಲ್ಟಿಗೆ ಕಟ್ಟಬೇಡಿ, ಹಳೆ ಗಾಡಿಯ ಬಾಡಿಯಲ್ಲಿ ತುಕ್ಕು ಮತ್ತು ಬಣ್ಣ ಇರುತ್ತದೆ. ಸೆನ್ಸರ್‌ಗಳ ಅರ್ತ್ ವೈರ್ ಇಸಿಯುಗೇ ವಾಪಸ್ ಹೋಗಬೇಕು, ಪಂಪಿನ ಅರ್ತ್ ಜೊತೆ ಸೇರಬಾರದು. ಪ್ಲಗ್ ವೈರ್ ಪಕ್ಕದಲ್ಲಿ ಸೆನ್ಸರ್ ವೈರ್ ಓಡಿಸಬೇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಪಂಪಿಗೆ ರಿಲೇ ಮತ್ತು ಫ್ಯೂಸ್ ಕಡ್ಡಾಯ. ರಿಲೇಯನ್ನು ಇಸಿಯು ನಡೆಸಲಿ. ಕೀ ತಿರುಗಿಸಿದಾಗ ಒಂದೆರಡು ಸೆಕೆಂಡ್ ಪಂಪ್ ಓಡಿ ನಿಲ್ಲಬೇಕು, ಎಂಜಿನ್ ತಿರುಗಿದರೆ ಮಾತ್ರ ಮತ್ತೆ ಓಡಬೇಕು. ನೇರ ಕೀಗೆ ಕಟ್ಟಿದರೆ ಅಪಘಾತದಲ್ಲಿ ಎಂಜಿನ್ ನಿಂತರೂ ಒಡೆದ ಪೈಪಿನಿಂದ ಪೆಟ್ರೋಲ್ ಚಿಮ್ಮುತ್ತಲೇ ಇರುತ್ತದೆ. ಇದರ ಜೊತೆ ಡಿಕ್ಕಿಯಾದಾಗ ಪಂಪ್ ಕಡಿಯುವ ಇನರ್ಷಿಯಾ ಸ್ವಿಚ್ ಒಂದನ್ನು ಹಾಕಿ. ಫೋರ್ಡ್ ಗಾಡಿಗಳಲ್ಲಿ ಅದು ಸಿಗುತ್ತದೆ.

ಸೆಲ್ಫ್ ಹೊಡೆಯುವಾಗ ಇಸಿಯು ಆಫ್ ಆಗಿ ಮತ್ತೆ ಆನ್ ಆಗುತ್ತೆ. ಇಸಿಯು ಕೆಟ್ಟಿದೆಯಾ?

ಮೊದಲು ಮಲ್ಟಿಮೀಟರ್ ಹಿಡಿಯಿರಿ. 20 ವೋಲ್ಟ್ ರೇಂಜ್‌ನಲ್ಲಿ ಇಟ್ಟು ಇಸಿಯುವಿನ ಪವರ್ ಪಿನ್ನಿನಲ್ಲೇ ಅಳೆಯಿರಿ, ಬ್ಯಾಟರಿ ಮೇಲಲ್ಲ. ಕಾಯಿಲ್ ವೈರ್ ಬಿಚ್ಚಿ ಸೆಲ್ಫ್ ಹೊಡೆಸಿ. 10 ವೋಲ್ಟ್ ಮೇಲೆ ನಿಂತರೆ ಚೆನ್ನ. 8ಕ್ಕೆ, 7ಕ್ಕೆ ಕುಸಿದರೆ ಇಸಿಯು ಮಲಗುತ್ತದೆ.

ಆಮೇಲೆ ಮೀಟರನ್ನು 2 ವೋಲ್ಟ್‌ಗೆ ಇಳಿಸಿ. ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಸೀಸದ ಕಂಬದ ಮೇಲೆ, ಇನ್ನೊಂದು ಇಸಿಯುವಿನ ಅರ್ತ್ ಪಿನ್ ಮೇಲೆ. ಮತ್ತೆ ಸೆಲ್ಫ್. 0.2 ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ತ್ ದಾರಿಯಲ್ಲಿ ತಡೆ ಇದೆ. ಮೊನೆಯನ್ನು ಬ್ಯಾಟರಿ ಸೀಸದಿಂದ ಟರ್ಮಿನಲ್‌ಗೆ, ಟರ್ಮಿನಲ್‌ನಿಂದ ಎಂಜಿನ್ ಬ್ಲಾಕ್‌ಗೆ ಒಂದೊಂದೇ ಹೆಜ್ಜೆ ಸರಿಸುತ್ತಾ ಹೋಗಿ. ಯಾವ ಹೆಜ್ಜೆಯಲ್ಲಿ ಅಂಕಿ ಜಿಗಿಯುತ್ತದೋ ಅಲ್ಲೇ ತುಕ್ಕು. ಇಸಿಯು ಬದಲಾಯಿಸುವ ಮುಂಚೆ ಇದನ್ನು ಮಾಡಲೇಬೇಕು.

ಆಕ್ಸಿಜನ್ ಸೆನ್ಸರ್ ಎಲ್ಲಿ ಹಾಕಬೇಕು?

ಎಲ್ಲಾ ಸಿಲಿಂಡರ್‌ಗಳ ಹೊಗೆ ಸೇರಿದ ಮೇಲೆ, ಕೆಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆ. ವೈಡ್‌ಬ್ಯಾಂಡ್ ಸೆನ್ಸರ್ (ಮಿಕ್ಸ್ಚರ್ ಎಷ್ಟಿದೆ ಅಂತ ಅಂಕಿಯಲ್ಲೇ ಹೇಳುವ ಆಕ್ಸಿಜನ್ ಸೆನ್ಸರ್) ಅಡ್ಡಕ್ಕಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿರಬೇಕು. ಇಲ್ಲದಿದ್ದರೆ ಸೈಲೆನ್ಸರ್‌ನಲ್ಲಿ ಕಟ್ಟುವ ನೀರಿನ ಹನಿ ಬಿದ್ದು ಒಳಗಿನ ಸೆರಾಮಿಕ್ ಬಿರುಕು ಬಿಡುತ್ತದೆ. ಸೆನ್ಸರ್‌ಗೆ ಮುಂಚೆ ಎಲ್ಲೂ ಹೊಗೆ ಸೋರಬಾರದು. ಸೋರುವ ಜಾಗದಲ್ಲಿ ಹೊರಗಿನ ಗಾಳಿ ಒಳಗೂ ಬರುತ್ತದೆ, ಅಂಕಿ ಲೀನ್ (ಪೆಟ್ರೋಲ್ ಕಮ್ಮಿ) ತೋರಿಸುತ್ತದೆ. ಎಂಜಿನ್ ಓಡುತ್ತಿರುವಾಗ ಸೆನ್ಸರ್‌ನ ಹೀಟರ್‌ಗೆ ಕರೆಂಟ್ ಇಲ್ಲದಂತೆ ಬಿಡಬೇಡಿ, ಮಸಿ ಹಿಡಿದು ಹಾಳಾಗುತ್ತದೆ. ಗ್ಯಾಸ್ಕೆಟ್ ಸಿಲಿಕಾನ್ ಕೊಳ್ಳುವಾಗಲೂ ಸೆನ್ಸರ್‌ಗೆ ಹಾನಿ ಮಾಡದ್ದೇ ನೋಡಿ ತನ್ನಿ.

ಪಾಯಿಂಟ್ ಇರೋ ಡಿಸ್ಟ್ರಿಬ್ಯೂಟರ್ ಇಟ್ಟುಕೊಂಡೇ ಇಂಜೆಕ್ಷನ್ ಓಡಿಸಬಹುದಾ?

ಓಡಿಸಬಹುದು, ಆದರೆ ನಾನು ಬೇಡ ಅನ್ನುತ್ತೇನೆ. ಇಸಿಯುಗೆ ಎಂಜಿನ್ ವೇಗ ಗೊತ್ತಾಗುವುದು ಕಾಯಿಲ್‌ನ ನೆಗೆಟಿವ್ ಕಡೆಯಿಂದ. ಅಲ್ಲಿ ಪ್ರತಿ ಕಿಡಿಗೂ ನೂರಾರು ವೋಲ್ಟ್ ಜಿಗಿಯುತ್ತದೆ. ಪಾಯಿಂಟ್ ಕುಣಿದರೆ ಇಲ್ಲದ ಆರ್‌ಪಿಎಂ ಎಣಿಸಿ ಇಸಿಯು ಪೆಟ್ರೋಲ್ ಸುರಿಯುತ್ತದೆ. ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿ, ರೆಸಿಸ್ಟರ್ ಇರುವ ಪ್ಲಗ್ ಮತ್ತು ಸಪ್ರೆಷನ್ ಪ್ಲಗ್ ವೈರ್ ಬಳಸಿ.

ನನ್ನದು ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಏನಾದ್ರೂ ನೋಡಿಕೊಳ್ಳಬೇಕಾ?

ಥ್ರಾಟಲ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಕೇಬಲ್ ಇದ್ದರೆ ತುಂಬಾ ಜಾಗ್ರತೆ. ಜನರಲ್ ಮೋಟರ್ಸ್‌ನ 700ಆರ್4 ಗೇರ್‌ಬಾಕ್ಸ್‌ನಲ್ಲಿ ಆ ಕೇಬಲ್ ಒಳಗಿನ ಆಯಿಲ್ ಪ್ರೆಷರನ್ನೇ ನಿರ್ಧರಿಸುತ್ತದೆ. ಹೊಸ ಥ್ರಾಟಲ್ ಬಾಡಿಯ ಲಿವರ್ ಉದ್ದ ಬೇರೆಯಾದರೆ ಪ್ರೆಷರ್ ಕಮ್ಮಿಯಾಗಿ ಕ್ಲಚ್ ಪ್ಲೇಟ್‌ಗಳು ಸುಡುತ್ತವೆ. ಸರಿಯಾದ ಬ್ರಾಕೆಟ್ ಹಾಕಿ ಕೇಬಲ್ ಸೆಟ್ ಮಾಡುವವರೆಗೆ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

## ಮೊದಲ ಸ್ಟಾರ್ಟ್ ಮತ್ತು ಟ್ಯೂನಿಂಗ್

ಎಲ್ಲಾ ಜೋಡಿಸಿದೆ. ಕೀ ತಿರುಗಿಸಿಬಿಡಲಾ?

ಸ್ವಲ್ಪ ತಡೆಯಿರಿ. ಮೊದಲು ಪಂಪ್ ಮಾತ್ರ ಓಡಿಸಿ, ಪ್ರೆಷರ್ ಗೇಜ್ ನೋಡಿ. ಆಮೇಲೆ ಟಾರ್ಚ್ ಹಿಡಿದು ಟ್ಯಾಂಕಿನಿಂದ ಎಂಜಿನ್‌ವರೆಗೆ ಒಂದೊಂದು ಜಾಯಿಂಟ್‌ಗೂ ಒಣ ಪೇಪರ್ ಒತ್ತಿ ನೋಡಿ. ಕಣ್ಣಿಗೆ ಕಾಣದ ಒದ್ದೆ ಪೇಪರ್ ಮೇಲೆ ಕಾಣುತ್ತದೆ.

ನಂತರ ಲ್ಯಾಪ್‌ಟಾಪ್‌ನಲ್ಲಿ ಸೆನ್ಸರ್ ಅಂಕಿಗಳು. ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಕೂಲಂಟ್ ಮತ್ತು ಗಾಳಿಯ ಉಷ್ಣತೆ ಎರಡೂ ಒಂದೇ ಇರಬೇಕು. ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಸಮುದ್ರ ಮಟ್ಟದಲ್ಲಿ 100 ಕಿಲೋಪಾಸ್ಕಲ್ ಹತ್ತಿರ ತೋರಿಸಬೇಕು. ಎಕ್ಸಲರೇಟರ್ ನಿಧಾನ ಒತ್ತಿದರೆ ಥ್ರಾಟಲ್ ಅಂಕಿ ಎಲ್ಲೂ ಜಿಗಿಯದೆ 0ಯಿಂದ 100ಕ್ಕೆ ಹೋಗಬೇಕು. ಪಂಪ್ ಫ್ಯೂಸ್ ತೆಗೆದು ಸೆಲ್ಫ್ ಹೊಡೆಸಿ. ಆರ್‌ಪಿಎಂ 150–250ರಲ್ಲಿ ಸ್ಥಿರವಾಗಿ ನಿಲ್ಲುತ್ತದಾ ನೋಡಿ. ಇಷ್ಟು ಸರಿ ಇದ್ದರೆ ಸ್ಟಾರ್ಟ್ ಮಾಡಿ.

ಮಿಕ್ಸ್ಚರ್ ಎಷ್ಟಿರಬೇಕು?

ಪೆಟ್ರೋಲ್ ಪೂರ್ತಿ ಉರಿಯಲು 1 ಭಾಗಕ್ಕೆ 14.7 ಭಾಗ ಗಾಳಿ ಬೇಕು, ತೂಕದಲ್ಲಿ. ಶೇಕಡಾ 10 ಎಥನಾಲ್ ಇರುವ ಪೆಟ್ರೋಲ್‌ಗೆ ಅದು 14.1 ಆಸುಪಾಸು. ಹಳೆ ಎಂಜಿನ್ ಐಡ್ಲಿಂಗ್‌ನಲ್ಲಿ 13.5ರಿಂದ 14.5ರಲ್ಲಿ ಖುಷಿಯಾಗಿರುತ್ತದೆ. ಸಮ ರಸ್ತೆಯಲ್ಲಿ 14.7ರಿಂದ 15.5. ಎಕ್ಸಲರೇಟರ್ ಪೂರ್ತಿ ಒತ್ತಿದಾಗ 12.5ರಿಂದ 12.8. ಲೋಡ್ ಹೊತ್ತು ಏರು ಹತ್ತುವಾಗ ಲೀನ್ ಬಿಡಬೇಡಿ. ಪಿಕಪ್ ಇರುವುದೇ ಲೋಡಿಗೆ, ಪಿಸ್ಟನ್ ಸುಡುವುದೂ ಅಲ್ಲೇ.

ಕಿಟ್ ತಾನೇ ಕಲಿಯುತ್ತೆ ಅಂತಾರೆ. ಮತ್ತೆ ನಾನೇನು ಟ್ಯೂನ್ ಮಾಡಬೇಕು?

ಅದು ಕಲಿಯುವುದು ಬಿಸಿ ಎಂಜಿನ್ ಒಂದೇ ಸಮನೆ ಓಡುವಾಗಿನ ಪೆಟ್ರೋಲ್ ಅಳತೆ ಮಾತ್ರ. ಸೆಲ್ಫ್ ಹೊಡೆಯುವಾಗಿನ ಪೆಟ್ರೋಲ್, ತಣ್ಣಗಿರುವಾಗಿನ ಹೆಚ್ಚುವರಿ, ಎಕ್ಸಲರೇಟರ್ ತಟ್ಟಿದಾಗಿನ ಹೆಚ್ಚುವರಿ, ಐಡ್ಲಿಂಗ್ ವೇಗ ಇವೆಲ್ಲ ನೀವೇ ಹೊಂದಿಸಬೇಕು. ಥರ್ಮೋಸ್ಟಾಟ್ ಕೂಡ ನೋಡಿ. 71 ಡಿಗ್ರಿಯದ್ದು ಇದ್ದರೆ ಕೆಲವು ಇಸಿಯುಗಳು ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಕಲಿಯುವುದನ್ನೇ ಶುರು ಮಾಡುವುದಿಲ್ಲ, ಪೆಟ್ರೋಲ್ ಜಾಸ್ತಿ ಹಾಕುತ್ತಲೇ ಇರುತ್ತವೆ. 82 ಅಥವಾ 90 ಡಿಗ್ರಿಯದ್ದು ಹಾಕಿ.

ಎಕ್ಸಲರೇಟರ್ ಒತ್ತಿದ ತಕ್ಷಣ ಒಂದು ಸಲ ತಡವರಿಸಿ ಆಮೇಲೆ ಎಳೆಯುತ್ತೆ.

ಡೇಟಾ ಲಾಗ್ (ಓಡುವಾಗಿನ ಸೆನ್ಸರ್ ಅಂಕಿಗಳ ದಾಖಲೆ) ತೆಗೆಯಿರಿ, ಊಹೆ ಬೇಡ. ಥ್ರಾಟಲ್ ಗೆರೆ ಏರಿದ ಕೂಡಲೇ ಮಿಕ್ಸ್ಚರ್ ಗೆರೆ 17, 18ಕ್ಕೆ ಹಾರಿ ಮತ್ತೆ ಇಳಿದರೆ ಪೆಟ್ರೋಲ್ ಕಮ್ಮಿ. 10, 11ಕ್ಕೆ ಬಿದ್ದರೆ ಜಾಸ್ತಿ. ಎರಡರಲ್ಲೂ ಸೀಟಿನಲ್ಲಿ ಕೂತವರಿಗೆ ಅನುಭವ ಒಂದೇ, ಅದಕ್ಕೇ ಲಾಗ್ ಬೇಕು. ಹೊಗೆ ಸೆನ್ಸರ್ ತಲುಪಲು ಸ್ವಲ್ಪ ಹೊತ್ತು ಹಿಡಿಯುವುದರಿಂದ ಮಿಕ್ಸ್ಚರ್ ಗೆರೆ ತಡವಾಗಿ ಚಲಿಸುತ್ತದೆ ಅನ್ನುವುದು ನೆನಪಿರಲಿ. ಒಂದು ಸಲಕ್ಕೆ ಒಂದೇ ಅಂಕಿ ಬದಲಾಯಿಸಿ, ಅದೂ ಸ್ವಲ್ಪವೇ. ಯಾವ ವೇಗಕ್ಕೆ, ಎಷ್ಟು ಲೋಡಿಗೆ ಎಷ್ಟು ಪೆಟ್ರೋಲ್ ಅಂತ ಇಸಿಯುಗೆ ಹೇಳುವ ಮೂಲ ಟೇಬಲ್ ಸರಿಯಾಗುವ ಮುಂಚೆ ಈ ಹೆಚ್ಚುವರಿಗೆ ಕೈ ಹಾಕಬೇಡಿ.

ಬಿಸಿ ಇದ್ದಾಗ ಹತ್ತು ನಿಮಿಷ ನಿಲ್ಲಿಸಿ ಸ್ಟಾರ್ಟ್ ಮಾಡಿದ್ರೆ ಐಡ್ಲಿಂಗ್ ಒದ್ದಾಡುತ್ತೆ.

ಗಾಳಿಯ ಉಷ್ಣತೆಯ ಸೆನ್ಸರ್ ಎಲ್ಲಿದೆ ನೋಡಿ. ಲೋಹದ ಮ್ಯಾನಿಫೋಲ್ಡ್‌ಗೆ ತಿರುಗಿಸಿದ್ದರೆ ಅದು ಲೋಹದ ಬಿಸಿಯನ್ನೇ ಗಾಳಿಯ ಬಿಸಿ ಅನ್ನುತ್ತದೆ. ಬಿಸಿ ಗಾಳಿ ತೆಳು ಅಂತ ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತದೆ, ಎಂಜಿನ್ ಲೀನ್ ಆಗುತ್ತದೆ. ಸೆನ್ಸರನ್ನು ಏರ್ ಕ್ಲೀನರ್ ಕಡೆ ಸರಿಸಿ, ಅಥವಾ ಆ ಉಷ್ಣತೆಯಲ್ಲಿ ತಿದ್ದುಪಡಿಯ ಪ್ರಮಾಣ ಕಮ್ಮಿ ಮಾಡಿ.

## ಇನ್ನೂ ಮುಂದಕ್ಕೆ ಹೋಗುವವರಿಗೆ

ದೊಡ್ಡ ಕ್ಯಾಮ್ ಹಾಕಿದ್ದೇನೆ. ಮ್ಯಾಪ್ ಅಂಕಿ ಕುಣಿಯುತ್ತೆ, ಐಡ್ಲಿಂಗ್ ನಿಲ್ಲಲ್ಲ.

ದೊಡ್ಡ ಕ್ಯಾಮ್‌ನಲ್ಲಿ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ. ಹಾಗಾಗಿ ವ್ಯಾಕ್ಯೂಮ್ ಕಮ್ಮಿ, ಅದೂ ಅಲ್ಲಾಡುತ್ತಿರುತ್ತದೆ. ಇಸಿಯು ಅದನ್ನೇ ಹಿಂಬಾಲಿಸಿದರೆ ಪೆಟ್ರೋಲ್ ಕೂಡ ಏರಿಳಿಯುತ್ತದೆ. ಐಡ್ಲಿಂಗ್ ಸುತ್ತಮುತ್ತ ಟೇಬಲ್‌ನ ಮನೆಗಳಲ್ಲಿ ಒಂದೇ ಅಂಕಿ ತುಂಬಿ ಸಮತಟ್ಟು ಮಾಡಿ. ಅಲ್ಲಿ ಆಕ್ಸಿಜನ್ ಸೆನ್ಸರ್ ತಿದ್ದುಪಡಿ ಆಫ್ ಮಾಡಿ. ಸಾಲದಿದ್ದರೆ ಕಡಿಮೆ ಆರ್‌ಪಿಎಂನಲ್ಲಿ ಥ್ರಾಟಲ್ ಕೋನ ನೋಡಿ ಪೆಟ್ರೋಲ್ ಕೊಡುವ ಆಲ್ಫಾ–ಎನ್ ಕ್ರಮ ಬಳಸಿ, ಮೇಲೆ ಹೋದಂತೆ ಮ್ಯಾಪ್‌ಗೆ ಬದಲಿಸಿ. ಆಲ್ಫಾ–ಎನ್‌ಗೆ ಎತ್ತರ ಗೊತ್ತಾಗುವುದಿಲ್ಲ, ಹೊರಗಿನ ಒತ್ತಡ ಅಳೆಯುವ ಇನ್ನೊಂದು ಸೆನ್ಸರ್ ಇರಲಿ.

ಟೈಮಿಂಗ್ (ಕಿಡಿ ಹಾರುವ ಹೊತ್ತು) ಕೂಡ ಇಸಿಯುಗೇ ಕೊಡೋಣ ಅಂತಿದ್ದೇನೆ.

ಒಳ್ಳೆ ಯೋಚನೆ. ಮೊದಲು ಪೆಟ್ರೋಲ್ ಟ್ಯೂನ್ ಮುಗಿಸಿ, ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ಡಿಸ್ಟ್ರಿಬ್ಯೂಟರ್ ಒಳಗಿನ ತೂಕದ ಅಡ್ವಾನ್ಸ್, ವ್ಯಾಕ್ಯೂಮ್ ಅಡ್ವಾನ್ಸ್ ಎರಡನ್ನೂ ಅಲ್ಲಾಡದಂತೆ ಲಾಕ್ ಮಾಡಬೇಕು. ನಂತರ ಇಸಿಯುವಿನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಕಟ್ಟಿಹಾಕಿ, ಟೈಮಿಂಗ್ ಲೈಟ್ ಹಿಡಿದು ಪುಲ್ಲಿ ಮೇಲೂ 10 ಬರುವಂತೆ ಹೊಂದಿಸಿ. ಎಂಜಿನ್ ವೇಗ ಏರಿಸಿ. ಗುರುತು ಸರಿದರೆ ಸಿಗ್ನಲ್ ವೈರ್ ತಿರುಗು ಮುರುಗು ಆಗಿರಬಹುದು.

ರೋಟರ್ ಎಲ್ಲಿ ನಿಲ್ಲುತ್ತದೆ ಅನ್ನುವುದೂ ಮುಖ್ಯ. ಕಿಡಿ ಹಾರುವ ಹೊತ್ತಿಗೆ ರೋಟರ್ ತುದಿ ಕ್ಯಾಪ್‌ನ ಕಂಬದ ಎದುರು ಇರಬೇಕು. ಹಳೆ ಕ್ಯಾಪ್ ಒಂದಕ್ಕೆ ತೂತು ಕೊರೆದು, ಟೈಮಿಂಗ್ ಲೈಟ್ ಬೆಳಕಿನಲ್ಲಿ ಇಣುಕಿದರೆ ಕಣ್ಣಾರೆ ಕಾಣುತ್ತದೆ.

ಸೀಕ್ವೆನ್ಷಿಯಲ್ ಮಾಡಿದ್ರೆ ಲಾಭ ಇದೆಯಾ?

ಸೀಕ್ವೆನ್ಷಿಯಲ್ ಅಂದರೆ ಒಂದೊಂದು ಸಿಲಿಂಡರ್‌ನ ಸರದಿಗೆ ಅದರದ್ದೇ ಇಂಜೆಕ್ಟರ್ ತೆರೆಯುವುದು. ಥ್ರಾಟಲ್ ಬಾಡಿಯಲ್ಲಿ ಲಾಭ ಇಲ್ಲ. ಪೋರ್ಟ್ ಇಂಜೆಕ್ಷನ್ನಿನಲ್ಲಿ ಐಡ್ಲಿಂಗ್ ಸ್ವಲ್ಪ ನಯವಾಗುತ್ತದೆ, ಹೊಗೆ ಸ್ವಲ್ಪ ಸ್ವಚ್ಛವಾಗುತ್ತದೆ. ಪೂರ್ತಿ ಲೋಡಿನಲ್ಲಿ ಇಂಜೆಕ್ಟರ್ ಹೇಗಿದ್ದರೂ ಹೆಚ್ಚು ಹೊತ್ತು ತೆರೆದೇ ಇರುವುದರಿಂದ ವ್ಯತ್ಯಾಸ ಕಾಣುವುದಿಲ್ಲ. ಇದಕ್ಕೆ ಕ್ಯಾಮ್ ಸ್ಥಾನ ಹೇಳುವ ಸೆನ್ಸರ್ ಬೇಕು, ಪ್ರತಿ ಇಂಜೆಕ್ಟರ್‌ಗೂ ಇಸಿಯುವಿನಲ್ಲಿ ಬೇರೆ ಬೇರೆ ಔಟ್‌ಪುಟ್ ಬೇಕು. ನನಗೆ ಇದರಲ್ಲಿ ನಿಜವಾಗಿ ಬೆಲೆ ಕಾಣುವುದು ಉದ್ದನೆಯ ಆರು ಸಿಲಿಂಡರ್ ಎಂಜಿನ್ನಿನಲ್ಲಿ. ಅಲ್ಲಿ ಮಧ್ಯದ ಸಿಲಿಂಡರ್‌ಗಳಿಗೂ ತುದಿಯವಕ್ಕೂ ಗಾಳಿ ಸಮನಾಗಿ ಹೋಗುವುದಿಲ್ಲ. ಲೋಡಿನಲ್ಲಿ ಓಡಿಸಿ, ಅಲ್ಲೇ ಎಂಜಿನ್ ಆಫ್ ಮಾಡಿ, ಆರೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ಬಣ್ಣ ನೋಡಿ. ಬೆಳ್ಳಗಾದ ಸಿಲಿಂಡರ್‌ಗೆ ಶೇಕಡಾ ಒಂದೆರಡು ಪೆಟ್ರೋಲ್ ಹೆಚ್ಚಿಸಿ, ಮತ್ತೆ ಓಡಿಸಿ, ಮತ್ತೆ ನೋಡಿ.